ಹಣ ಕೂಡಿಸುತ್ತೇವೆ, ನಮ್ಮೂರ ದಿಬ್ಬ ನಾವೇ ಅಗೆಯಬಹುದಾ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಊರಾಚೆ ದೊಡ್ಡ ಬೂದಿದಿಬ್ಬ ಇದೆ. ಜೋರು ಮಳೆಯಾದರೆ ಮಡಕೆ ಚೂರು, ಕಲ್ಲಿನ ಕೊಡಲಿ ಮೇಲೆ ಬರುತ್ತವೆ. ಗೊಬ್ಬರಕ್ಕೆ ಅಂತ ಜನ ಬೂದಿ ಹೇರಿಕೊಂಡು ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರೇ ಆನ್‌ಲೈನ್‌ನಲ್ಲಿ ಹಣ ಹಾಕಿ ಉತ್ಖನನ ಮಾಡಿಸುತ್ತಾರೆ, ತಾವೂ ಗುಂಡಿಗೆ ಇಳಿಯುತ್ತಾರೆ ಎಂದು ಓದಿದೆ. ನಮ್ಮ ಯುವಕ ಸಂಘ, ಬೆಂಗಳೂರಿನಲ್ಲಿರುವ ಊರವರು, ಅಮೆರಿಕದಲ್ಲಿರುವ ಮೂರ್ನಾಲ್ಕು ಮಂದಿ ಸೇರಿದರೆ ಎಂಟು ಹತ್ತು ಲಕ್ಷ ಆಗುತ್ತದೆ. ಜೆಸಿಬಿ ತರುವುದಿಲ್ಲ, ಕೈಯಲ್ಲೇ ನಿಧಾನವಾಗಿ ಅಗೆಯುತ್ತೇವೆ. ಸರ್ಕಾರ ಬರಲಿ ಎಂದು ಕಾದರೆ ದಿಬ್ಬವೇ ಉಳಿಯುವುದಿಲ್ಲ. ನಾವೇ ಅಗೆಯಬಹುದಾ?

ಉತ್ತರ: ಅಗೆಯಬೇಡಿ. ಆದರೆ ಹಣ ಕೂಡಿಸುವುದನ್ನು ನಿಲ್ಲಿಸಲೂಬೇಡಿ. ಅಗೆಯದೇ ಇದ್ದರೆ ಹಣ ಯಾಕೆ ಅಂತ ಕೇಳ್ತೀರಿ. ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನೀವು ಓದಿದ ಇಂಗ್ಲೆಂಡಿನ ಕಥೆ. ಅದು ನಿಜ. ಪೀಟರ್‌ಬರೋ ಊರಿನ ಪಕ್ಕ ಫ್ಲ್ಯಾಗ್ ಫೆನ್ ಎಂಬ ಜೌಗು ನೆಲ ಇದೆ. ಸುಮಾರು 3300 ವರ್ಷಗಳ ಹಿಂದೆ ಅಲ್ಲಿನವರು ನೀರಿನ ಮೇಲೆ ಮರದ ಕಂಬ ನೆಟ್ಟು ಉದ್ದದ ದಾರಿ ಕಟ್ಟಿದ್ದರು. 1982ರಲ್ಲಿ ಫ್ರಾನ್ಸಿಸ್ ಪ್ರಯರ್ ಎಂಬ ಪುರಾತತ್ವಜ್ಞ ಅದನ್ನು ಗುರುತಿಸಿದರು. ಕೆಸರಿನಲ್ಲಿ ಗಾಳಿ ತಾಗದೆ ಇದ್ದುದರಿಂದ ಮರ ಅಷ್ಟು ವರ್ಷ ಕೊಳೆಯದೆ ಉಳಿದಿತ್ತು. 2012ರಲ್ಲಿ ಡಿಗ್‌ವೆಂಚರ್ಸ್ ಎಂಬ ಪುಟ್ಟ ತಂಡ ಆನ್‌ಲೈನ್‌ನಲ್ಲಿ ಚಂದಾ ಎತ್ತಿ ಅಲ್ಲಿ ಮೂರು ವಾರ ಅಗೆಯಿತು. ಹಣ ಕೊಟ್ಟವರು ಸುಮಾರು 250 ಜನ. ಪೂರ್ತಿ ಜನರ ಚಂದಾದಿಂದ ನಡೆದ ಮೊದಲ ಉತ್ಖನನ ಅಂತ ಅದನ್ನೇ ಹೇಳುತ್ತಾರೆ.

ಆದರೆ ಸುದ್ದಿಯಲ್ಲಿ ಅಷ್ಟಾಗಿ ಬರದ ಒಂದು ವಿಷಯ ಇದೆ. ಅವರು ಅಲ್ಲಿ ಹೊಸದೇನನ್ನೂ ಹುಡುಕಲು ಹೊರಟಿರಲಿಲ್ಲ. ಜೌಗು ನೆಲ ಒಣಗುತ್ತಾ ಬಂದಿತ್ತು. ಒಳಗಿನ ಮರ ಇನ್ನೂ ಗಟ್ಟಿ ಇದೆಯೋ, ಕೆಡುತ್ತಿದೆಯೋ ನೋಡಬೇಕಿತ್ತು. ಕೇಳಿದ್ದು ಅಷ್ಟು ಸಣ್ಣ ಪ್ರಶ್ನೆ. ತೆಗೆದ ಗುಂಡಿಯೂ ಅಷ್ಟಕ್ಕೆ ತಕ್ಕದ್ದು. ಚಂದಾ ಕೊಟ್ಟವರು ಗುಂಡಿಗೆ ಇಳಿದರು ನಿಜ, ಆದರೆ ಪ್ರತಿ ಗುಂಡಿಯ ಪಕ್ಕದಲ್ಲೂ ಅದೇ ಕಸುಬಿನವರು ನಿಂತಿದ್ದರು.

ಅದೇ ವರ್ಷ ಲೆಸ್ಟರ್ ನಗರದಲ್ಲಿ ನಡೆದದ್ದು ಇನ್ನೂ ಹೆಸರಾಯಿತು. ಮೂರನೇ ರಿಚರ್ಡ್ ಎಂಬ ದೊರೆ 1485ರಲ್ಲಿ ಯುದ್ಧದಲ್ಲಿ ಸತ್ತಿದ್ದ. ಅವನನ್ನು ಹೂಳಿದ್ದ ಮಠ ಮುಂದೆ ನೆಲಸಮವಾಗಿ, ಆ ಜಾಗ ಕೊನೆಗೆ ಕಾರು ನಿಲ್ಲಿಸುವ ತಾಣವಾಗಿತ್ತು. ಫಿಲಿಪ್ಪಾ ಲ್ಯಾಂಗ್ಲಿ ಎಂಬ ಬರಹಗಾರ್ತಿ ಅಲ್ಲೇ ಅಗೆಯಬೇಕು ಎಂದು ವರ್ಷಗಟ್ಟಲೆ ಬೆನ್ನು ಹತ್ತಿದರು. ಇನ್ನೇನು ಕೆಲಸ ಶುರು ಅನ್ನುವಾಗ ಹಣ ಕಡಿಮೆ ಬಿತ್ತು. ಆಗ ಆ ದೊರೆಯ ಅಭಿಮಾನಿಗಳ ಸಂಘ ಕೈ ಹಿಡಿಯಿತು. ಬೇರೆ ಬೇರೆ ದೇಶಗಳ ಜನ ಕೆಲವೇ ವಾರಗಳಲ್ಲಿ ಹಣ ಕಳಿಸಿದರು. 2012ರ ಆಗಸ್ಟ್ 25ರಂದು ಅಗೆತ ಶುರುವಾಯಿತು, ಮೊದಲ ದಿನವೇ ಕಾಲಿನ ಎಲುಬು ಕಂಡಿತು. 2013ರ ಫೆಬ್ರವರಿ 4ರಂದು ಅದು ರಿಚರ್ಡನದೇ ಎಂದು ಲೆಸ್ಟರ್ ವಿಶ್ವವಿದ್ಯಾಲಯ ಪ್ರಕಟಿಸಿತು.

ಇದರಲ್ಲಿ ನನಗೆ ಇಷ್ಟವಾಗುವ ಸಂಗತಿ ಬೇರೆ. ವಿಶ್ವವಿದ್ಯಾಲಯದ ತಂಡಕ್ಕೆ ಬೇಕಾಗಿದ್ದದ್ದು ಆ ಮಠದ ನಕ್ಷೆ. ದೊರೆ ಸಿಗುತ್ತಾನೆ ಎಂದು ಅವರು ನಂಬಿರಲಿಲ್ಲ. ಸಿಕ್ಕರೆ ನನ್ನ ಟೋಪಿ ತಿನ್ನುತ್ತೇನೆ ಎಂದು ಅಗೆತದ ಮುಖ್ಯಸ್ಥ ರಿಚರ್ಡ್ ಬಕ್ಲಿ ತಮಾಷೆ ಮಾಡಿದ್ದರು. ಆಮೇಲೆ ಟೋಪಿ ಆಕಾರದ ಕೇಕ್ ತಿಂದು ಮಾತು ಉಳಿಸಿಕೊಂಡರು. ಚಂದಾ ಕೊಟ್ಟವರಿಗೆ ಬೇಕಿದ್ದದ್ದು ದೊರೆ, ಅಗೆಯುವವರಿಗೆ ಬೇಕಿದ್ದದ್ದು ಗೋಡೆ. ಅಲ್ಲಿ ಎರಡೂ ಸಿಕ್ಕವು. ಯಾವಾಗಲೂ ಹಾಗೆ ಆಗುವುದಿಲ್ಲ.

ಜನರ ಹಣದ ತೊಡಕು ಇರುವುದು ಇಲ್ಲೇ. ದೊರೆ ಅಂದರೆ ದುಡ್ಡು ಬರುತ್ತದೆ. ಹಡಗಿನಲ್ಲಿ ಬಂದು ದಾಳಿ ಮಾಡುತ್ತಿದ್ದ ವೈಕಿಂಗರು ಅಂದರೆ ಬರುತ್ತದೆ. ಲಿಂಡಿಸ್‌ಫಾರ್ನ್ ದ್ವೀಪದಲ್ಲಿ, 793ರಲ್ಲಿ ವೈಕಿಂಗರು ದಾಳಿ ಮಾಡಿದ್ದ ಮಠದ ಜಾಗದಲ್ಲಿ, ಇದೇ ಡಿಗ್‌ವೆಂಚರ್ಸ್ ಡರ್ಹಮ್ ವಿಶ್ವವಿದ್ಯಾಲಯದ ಜೊತೆ 2016ರಿಂದ ಅಗೆಯುತ್ತಿದೆ. ಅಲ್ಲಿ 2019ರಲ್ಲಿ ನೀಲಿ ಬಿಳಿ ಗಾಜಿನ ಒಂದು ಪುಟ್ಟ ಆಟದ ಕಾಯಿ ಸಿಕ್ಕಿತು. ಕಂಡದ್ದು ಕಸುಬಿನವರ ಕಣ್ಣಿಗಲ್ಲ, ತಂಡದ ಒಬ್ಬರ ತಾಯಿ ಆ ದಿನ ಬಂದಿದ್ದರು, ಅವರ ಕಣ್ಣಿಗೆ. ಇಂಥ ಸುದ್ದಿಗೆ ಮರುವರ್ಷದ ಚಂದಾ ತಾನಾಗಿಯೇ ಬರುತ್ತದೆ. ಉತ್ಖನನ ತೋರಿಸುವ ಟೈಮ್ ಟೀಮ್ ಎಂಬ ಬ್ರಿಟಿಷ್ ಟಿವಿ ಕಾರ್ಯಕ್ರಮ ನಿಂತುಹೋಗಿತ್ತು. ಅದು ಮತ್ತೆ ಜೀವ ಪಡೆದದ್ದು ಚಂದಾ ಎತ್ತುವ ಜಾಲತಾಣ ಪ್ಯಾಟ್ರಿಯಾನ್‌ನಲ್ಲಿ ಅಭಿಮಾನಿಗಳು ಕೊಡುವ ಹಣದಿಂದ. ಒಂದು ಜಾಗದಲ್ಲಿ ಮೂರೇ ದಿನ ಅಗೆದರೆ ಏನು ಸಿಗುತ್ತದೆ ಅನ್ನುವ ಕುತೂಹಲವೇ ಅದರ ಬಂಡವಾಳ.

ಈಗ ನಿಮ್ಮ ದಿಬ್ಬಕ್ಕೆ ಬನ್ನಿ. ಅದರಲ್ಲಿ ಇರುವುದು ಬೂದಿ. ದೊರೆ ಇಲ್ಲ, ಚಿನ್ನ ಇಲ್ಲ. ಸುಟ್ಟ ಸಗಣಿ. ಅದಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳಿ? ನಿಮ್ಮೂರವರು ಕೊಡ್ತಾರೆ, ಅವರ ಊರು ಅನ್ನುವ ಕಾರಣಕ್ಕೆ. ಹಾಗಾಗಿ ಎಂಟು ಹತ್ತು ಲಕ್ಷ ಅಂತ ನೀವು ಬರೆದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಅದನ್ನು ಗುದ್ದಲಿಗೆ ಸುರಿಯಬೇಡಿ ಅಂತ ಅಷ್ಟೇ ನನ್ನ ಮಾತು.

ಸಗಣಿ ಅಂದದ್ದಕ್ಕೆ ಬೇಜಾರಾಗಬೇಡಿ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಕಡೆ ಇಂಥ ದಿಬ್ಬಗಳು ಬಹಳ ಇವೆ. ಕುಡತಿನಿಯದು ಹೆಸರುವಾಸಿ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ನಂಬುತ್ತಾರೆ. ರಾಕ್ಷಸರ ಎಲುಬಿನ ಬೂದಿ ಅನ್ನುವ ಊರುಗಳೂ ಇವೆ. ಇದು ದನದ ಸಗಣಿ ಎಂದು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನೂರು ವರ್ಷಕ್ಕೂ ಹಿಂದೆಯೇ ಹೇಳಿದ್ದರು. ಅದನ್ನು ಗಟ್ಟಿ ಮಾಡಿದ್ದು 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನ. ನಾಲ್ಕೂವರೆ, ಐದು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ಕಂಬ ನೆಟ್ಟು ದೊಡ್ಡಿ ಕಟ್ಟಿ, ದನ ಕೂಡಿ, ಸಗಣಿ ರಾಶಿಯಾದಾಗ ಬೆಂಕಿ ಹಾಕುತ್ತಿದ್ದರು. ಮತ್ತೆ ಮತ್ತೆ ಹಾಕಿದ್ದಾರೆ. ದಿಬ್ಬ ಬೆಳೆದಿದೆ.

ಇದು ಹೇಗೆ ಗೊತ್ತಾಯಿತು? ಉತ್ನೂರಿನಲ್ಲಿ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತು ಸಿಕ್ಕಿತು. ಕಂಬ ನೆಟ್ಟಿದ್ದ ಕುಳಿಗಳು ಸಿಕ್ಕವು. ಕಂಬ ಅಂದರೆ ಕಂಬ ಅಲ್ಲ, ಅದು ಯಾವತ್ತೋ ಹೋಗಿದೆ. ಕಂಬ ಇದ್ದ ಜಾಗದ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿಗಿಂತ ಒಂದು ಚೂರು ಬೇರೆ ಇರುತ್ತದೆ, ಅಷ್ಟೇ. ನೀವು ಕೈಯಲ್ಲೇ ನಿಧಾನವಾಗಿ ಅಗೆದರೂ ಆ ಗೊರಸಿನ ಗುರುತು ನಿಮಗೆ ಕಾಣುವುದಿಲ್ಲ. ಕಂಡರೂ ಅದರ ಮೇಲೆ ಕಾಲಿಟ್ಟ ಮೇಲೆ ಕಾಣುತ್ತದೆ. ನಿಮ್ಮನ್ನು ಹಂಗಿಸುತ್ತಿಲ್ಲ. ನನಗೆ ಮೊದಲ ಎರಡು ವರ್ಷ ಏನೂ ಕಾಣುತ್ತಿರಲಿಲ್ಲ. ಎಲ್ಲ ಮಣ್ಣೂ ಮಣ್ಣೇ.

ನನಗೆ ಮಣ್ಣು ನೋಡಲು ಕಲಿಸಿದ್ದು ಪ್ರಾಧ್ಯಾಪಕರಿಗಿಂತ ಜಾಸ್ತಿ ಒಬ್ಬ ಕೂಲಿ ಹೆಂಗಸು. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಉತ್ಖನನದಲ್ಲಿ ನನ್ನ ಗುಂಡಿಗೆ ಆಕೆ ಬರುತ್ತಿದ್ದರು. ಒಂದು ದಿನ ಗುದ್ದಲಿ ನಿಲ್ಲಿಸಿ, "ಸಪ್ಪಳ ಬದಲಾತ್ರಿ" ಅಂದರು. ನಾನು ಕೇಳಿಸಿಕೊಳ್ಳಲಿಲ್ಲ, ಇನ್ನೂ ಒಂದು ಗೇಣು ತೆಗೆಸಿದೆ. ಸಂಜೆ ಗುಂಡಿಯ ಗೋಡೆ ಕೆರೆದು ನೋಡಿದರೆ ಅವರು ನಿಂತ ಜಾಗದಲ್ಲೇ ಒಂದು ಮನೆಯ ಸಾರಿಸಿದ ನೆಲ ಇತ್ತು. ಅರ್ಧ ನೆಲ ನಾನು ಬುಟ್ಟಿಯಲ್ಲಿ ಹೊರಗೆ ಸುರಿಸಿದ್ದೆ. ವರದಿಯಲ್ಲಿ ಆ ನೆಲದ ಉಳಿದರ್ಧ ಬಂತು. ಅವರ ಹೆಸರು ಬರಲಿಲ್ಲ.

ಇಂಗ್ಲೆಂಡಿನಲ್ಲಿ ಜನ ಪಾಲುಗೊಳ್ಳುತ್ತಾರೆ, ನಮ್ಮಲ್ಲಿ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಈ ಹೆಂಗಸೇ ನೆನಪಾಗುವುದು. ಅಲ್ಲಿ ಅಗೆಯಲು ಜನ ದುಡ್ಡು ಕೊಡುತ್ತಾರೆ. ರೋಮನ್ ಕಾಲದ ಕೋಟೆ ವಿಂಡೊಲ್ಯಾಂಡಾದಲ್ಲಿ ಪ್ರತಿ ವರ್ಷ ನೂರಾರು ಸ್ವಯಂಸೇವಕರು ಶುಲ್ಕ ಕಟ್ಟಿ ಮಳೆ ಕೆಸರಿನಲ್ಲಿ ಮಂಡಿಯೂರಿ ಕೂರುತ್ತಾರೆ. ನಮ್ಮಲ್ಲಿ ಅದೇ ಕೆಲಸಕ್ಕೆ ಊರವರಿಗೆ ದಿನಗೂಲಿ ಕೊಡುತ್ತೇವೆ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಆ ಕೂಲಿ ಸಣ್ಣದಲ್ಲ. ನಾಳೆ ಬೆಂಗಳೂರಿನಿಂದ ನಲವತ್ತು ಜನ ಉತ್ಸಾಹಿಗಳು ಬಂದು ಪುಕ್ಕಟೆ ಅಗೆಯುತ್ತೇವೆ ಅಂದರೆ ನಲವತ್ತು ಮನೆಯ ಕೂಲಿ ಹೋಗುತ್ತದೆ. ಇದನ್ನು ನೀವು ಸಂಘದಲ್ಲಿ ಮಾತಾಡಿಕೊಳ್ಳಿ.

ಇನ್ನು ಕಾನೂನು. ಇಂಗ್ಲೆಂಡಿನಲ್ಲಿ ಸಂರಕ್ಷಿತ ಅಲ್ಲದ ಖಾಸಗಿ ಹೊಲವಾದರೆ ಮಾಲೀಕ ಒಪ್ಪಿದರೆ ಸಾಕು, ಅಗೆಯಬಹುದು. ಹಾಗಾಗಿಯೇ ಅಲ್ಲಿ ಚಂದಾ ಎತ್ತಿ ಅಗೆಯುವ ಪದ್ಧತಿ ಬೆಳೆಯಿತು. ನಮ್ಮಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಸಂರಕ್ಷಿತ ಜಾಗದಲ್ಲಿ ಅಗೆಯಲು ಪುರಾತತ್ವ ಇಲಾಖೆಯ ಅಧಿಕಾರಿಯಾಗಿರಬೇಕು ಅಥವಾ ಲೈಸೆನ್ಸ್ ಇರಬೇಕು. ಸಂರಕ್ಷಿತ ಅಲ್ಲದ ಜಾಗ ಅಂತೀರಾ? ಅಲ್ಲೂ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಸರ್ಕಾರ ಕೂಡ ಉತ್ಖನನ ಮಾಡುವ ಹಾಗಿಲ್ಲ, ಬೇರೆಯವರಿಗೆ ಅನುಮತಿ ಕೊಡುವ ಹಾಗೂ ಇಲ್ಲ. ರಾಜ್ಯ ಸರ್ಕಾರಕ್ಕೇ ಇಲ್ಲದ ಸ್ವಾತಂತ್ರ್ಯ ಯುವಕ ಸಂಘಕ್ಕೆ ಎಲ್ಲಿಂದ ಬರಬೇಕು? ವಿಶ್ವವಿದ್ಯಾಲಯಗಳು, ರಾಜ್ಯ ಇಲಾಖೆ, ಸಂಶೋಧನಾ ಸಂಸ್ಥೆಗಳು ವರ್ಷ ವರ್ಷ ಅರ್ಜಿ ಹಾಕುತ್ತವೆ, ದೆಹಲಿಯಲ್ಲಿ ಸಮಿತಿ ಕೂತು ನೋಡುತ್ತದೆ. ಅಗೆಯುವ ದಾರಿ ಇರುವುದು ಇದೊಂದೇ.

ಕಾನೂನಿಗೆ ಬಯ್ಯುವವರು ಇದ್ದಾರೆ. ನಾನೂ ಒಂದೊಂದು ಸಲ ಬಯ್ದಿದ್ದೇನೆ, ಅದರಲ್ಲೂ ಅರ್ಜಿ ತುಂಬುವಾಗ. ಆದರೆ ನಿಧಿಗಳ್ಳರು ಹಾಳು ಮಾಡಿದ ಜಾಗಗಳನ್ನು ನೋಡಿದ ಮೇಲೆ ನನ್ನ ಬಾಯಿ ಕಟ್ಟಿದೆ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲಿನ ಸಮಾಧಿಗಳಿವೆ, ಜನ ಮೋರೇರ ಮನೆ ಅನ್ನುತ್ತಾರೆ. ಅಂಥ ಮನೆಗಳ ನೆಲವನ್ನು ನಿಧಿಗೆ ಅಂತ ತೋಡಿದ ಗುಂಡಿಗಳನ್ನು ನಮ್ಮ ಕಡೆ ಎಷ್ಟು ಊರುಗಳಲ್ಲಿ ನೋಡಿಲ್ಲ! ಯುವಕ ಸಂಘ ಅಗೆಯಲು ಶುರು ಮಾಡಿತು ಅಂತ ಸುದ್ದಿ ಹಬ್ಬಿದರೆ, ಮೂರನೇ ರಾತ್ರಿ ನಿಮ್ಮ ದಿಬ್ಬಕ್ಕೂ ಬ್ಯಾಟರಿ ಹಿಡಿದವರು ಬರುತ್ತಾರೆ. ನೀವು ಬೂದಿ ಅಂತ ಎಷ್ಟು ಹೇಳಿದರೂ ಅವರು ನಂಬುವುದಿಲ್ಲ. ಅಷ್ಟು ದುಡ್ಡು ಹಾಕಿ ಬೂದಿಗಾಗಿ ಯಾರು ಅಗೀತಾರೆ ಅಂತಾರೆ.

ಹಾಗಾದರೆ ಹಣ ಯಾಕೆ ಅನ್ನುವ ಮಾತಿಗೆ ಬರುತ್ತೇನೆ. ಉತ್ಖನನದಲ್ಲಿ ಅಗೆಯುವ ಭಾಗ ಚಿಕ್ಕದು. ಒಂದು ತಿಂಗಳು ಅಗೆದರೆ ಒಂದೆರಡು ವರ್ಷ ಕೂತು ಮಾಡುವ ಕೆಲಸ ಹುಟ್ಟುತ್ತದೆ. ಚೂರು ತೊಳೆಯಬೇಕು, ಪ್ರತಿಯೊಂದಕ್ಕೂ ನಂಬರು ಬರೆಯಬೇಕು, ಚಿತ್ರ ಬಿಡಿಸಬೇಕು, ಎಲುಬು ದನದ್ದೋ ಕುರಿಯದ್ದೋ ಬಲ್ಲವರಿಗೆ ತೋರಿಸಬೇಕು, ಇದ್ದಿಲು ಪ್ರಯೋಗಾಲಯಕ್ಕೆ ಹೋಗಬೇಕು. ಇದ್ದಿಲಿನ ಒಂದು ಮಾದರಿಯ ಕಾಲ ಕಟ್ಟಿಸಲು ಹೊರದೇಶದ ಪ್ರಯೋಗಾಲಯವಾದರೆ ಹತ್ತಾರು ಸಾವಿರ ರೂಪಾಯಿ. ನಂಬುವಂಥ ಉತ್ತರಕ್ಕೆ ಒಂದು ಮಾದರಿ ಸಾಲದು. ಕೊನೆಗೆ ವರದಿ ಬರೆದು ಅಚ್ಚು ಹಾಕಿಸಬೇಕು. ನಮ್ಮಲ್ಲಿ ಹಣ ಮುಗಿಯುವುದು ಯಾವಾಗಲೂ ಈ ಹಂತದಲ್ಲೇ. ಅಗೆದು ದಶಕಗಳಾದರೂ ಪೂರ್ತಿ ವರದಿ ಬರದ ಜಾಗಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ತನ್ನ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿಯನ್ನೂ ಹುಡುಕಾಟಕ್ಕೆ, ಉತ್ಖನನಕ್ಕೆ ಹಾಕುತ್ತಿಲ್ಲ ಎಂದು 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯೇ ಹೇಳಿತ್ತು.

ವರದಿ ಬರದ ಉತ್ಖನನ ಅಂದರೆ ಏನು ಗೊತ್ತಾ? ಓದುತ್ತಾ ಓದುತ್ತಾ ಪ್ರತಿ ಹಾಳೆಯನ್ನೂ ಒಲೆಗೆ ಹಾಕಿ, ಓದಿದ್ದನ್ನು ಯಾರಿಗೂ ಹೇಳದೆ ಎದ್ದು ಹೋದ ಹಾಗೆ. ಒಂದು ಸಲ ತೆಗೆದ ಪದರವನ್ನು ಮತ್ತೆ ಇಡಲು ಆಗುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಎರಡು ಬೇಸಿಗೆಯ ಮಡಕೆ ಚೂರುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಒಂದು ಉಗ್ರಾಣದಲ್ಲಿ ಇಟ್ಟಿದ್ದೆವು. ಒಳಗೆ ಕಾಗದದ ಚೀಟಿ, ಯಾವ ಗುಂಡಿ, ಯಾವ ಪದರ ಅಂತ. ನಾಲ್ಕು ವರ್ಷ ಬಿಟ್ಟು ಹೋಗಿ ನೋಡಿದರೆ ಇಲಿಗಳು ಚೀಟಿ ಮಾತ್ರ ತಿಂದಿದ್ದವು. ಚೂರುಗಳು ಹಾಗೇ ಇದ್ದವು. ಯಾವ ಚೂರು ಎಲ್ಲಿಯದು ಅಂತ ಯಾರಿಗೂ ಗೊತ್ತಿಲ್ಲ. ಪ್ಲಾಸ್ಟಿಕ್ ಚೀಟಿ, ಡಬ್ಬಿ, ಕಬ್ಬಿಣದ ಕಪಾಟು ಕೊಳ್ಳಲು ಆಗ ಸಾವಿರಗಳಲ್ಲಿ ಹಣ ಸಾಕಿತ್ತು. ಅಷ್ಟು ಇರಲಿಲ್ಲ. ಕಪಾಟಿಗೆ ಚಂದಾ ಕೊಡಿ ಅಂತ ಯಾರನ್ನಾದರೂ ಕೇಳಬಹುದಿತ್ತು ಅನ್ನುವುದು ನಮಗೆ ಹೊಳೆಯಲೂ ಇಲ್ಲ.

ಬ್ರಿಟಿಷ್ ಮ್ಯೂಸಿಯಂ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿ ಮೈಕ್ರೋಪಾಸ್ಟ್ಸ್ ಎಂಬ ಕೆಲಸ ಶುರು ಮಾಡಿದ್ದವು. ಜನರಿಂದ ಹಣವನ್ನೂ ಕೇಳೋಣ, ಕೆಲಸವನ್ನೂ ಕೇಳೋಣ ಅಂತ. ಹಣದ ಭಾಗ ಅಷ್ಟೇನೂ ಬೆಳೆಯಲಿಲ್ಲ. ಕೆಲಸದ ಭಾಗ ಓಡಿತು. ಕಂಚಿನ ಯುಗದ ಆಯುಧಗಳ ಬಗ್ಗೆ ಕೈಯಲ್ಲಿ ಬರೆದಿಟ್ಟ ಸುಮಾರು 30,000 ಹಳೆಯ ಕಾರ್ಡುಗಳಿದ್ದವು. ಜನ ತಮ್ಮ ಮನೆಯಲ್ಲೇ ಕೂತು ಅವನ್ನು ಓದಿ ಟೈಪ್ ಮಾಡಿದರು. ಒಬ್ಬರೂ ಗುದ್ದಲಿ ಮುಟ್ಟಲಿಲ್ಲ.

ನಮ್ಮ ಹತ್ತಿರದ ಮಾತೇ ಬೇಕಾ? ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ತೋಡುವಾಗ ಒಂದು ಕಲ್ಲು ಎದ್ದಿತು. ಎಂಟನೇ ಶತಮಾನದ ಕನ್ನಡ ಶಾಸನ, ಕಿಟ್ಟಯ್ಯ ಎಂಬ ವೀರನದು. ಗಂಗರ ಶ್ರೀಪುರುಷನ ಕಾಲದ್ದು. ಇತಿಹಾಸದ ಹುಚ್ಚಿರುವ ನಾಗರಿಕರು ಅದನ್ನು ಉಳಿಸಿಕೊಂಡರು, ಆಮೇಲೆ ಅದಕ್ಕೆ ಒಂದು ಮಂಟಪವೂ ಆಯಿತು. ಅದೇ ಗುಂಪಿನ ಕೆಲಸ ಬೆಳೆದು 2021ರಿಂದ ಮಿಥಿಕ್ ಸೊಸೈಟಿ ಎಂಬ ಬೆಂಗಳೂರಿನ ಹಳೆಯ ಅಧ್ಯಯನ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಒಂದೊಂದಾಗಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ 1905ರಲ್ಲಿ ಅಚ್ಚು ಹಾಕಿಸಿದ ಪಟ್ಟಿ ಹಿಡಿದು ಊರೂರು ಸುತ್ತುತ್ತಾರೆ. ಕಲ್ಲು ಇದೆಯೋ, ಯಾರದೋ ಸೈಟಿನ ಪಾಯಕ್ಕೆ ಹೋಗಿದೆಯೋ ನೋಡುತ್ತಾರೆ. ನಾಳೆ ಕಲ್ಲು ಒಡೆದರೂ ಅಕ್ಷರ ಉಳಿಯುತ್ತದೆ. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 2024ರ ಕೊನೆಗೆ ಇಲಾಖೆ ಮನೆಮನೆಗೆ ಹೋಗಿ ಕೇಳಿದಾಗ, ಹಿತ್ತಿಲಲ್ಲಿ, ಕಟ್ಟೆಯಲ್ಲಿ ಬಿದ್ದಿದ್ದ ನೂರಾರು ಹಳೆಯ ಕಲ್ಲು, ವಿಗ್ರಹಗಳನ್ನು ಜನರೇ ತಂದು ಕೊಟ್ಟರು. ಉತ್ಖನನ ಶುರುವಾದದ್ದು ಆಮೇಲೆ. ಈ ಕ್ರಮ ನನಗೆ ಸರಿ ಅನಿಸುತ್ತದೆ.

ನಿಮ್ಮ ಎಂಟು ಹತ್ತು ಲಕ್ಷ ನನ್ನ ಕೈಗೆ ಕೊಟ್ಟರೆ ಏನು ಮಾಡುತ್ತಿದ್ದೆ, ಹೇಳಿಬಿಡುತ್ತೇನೆ.

ಮೊದಲು ಒಂದು ಪೈಸೆಯೂ ಖರ್ಚು ಮಾಡದೆ ಆ ಸರ್ವೆ ನಂಬರಿನ ಪಹಣಿ ತೆಗೆಸುತ್ತಿದ್ದೆ. ದಿಬ್ಬ ಗೋಮಾಳದಲ್ಲಿದೆಯಾ, ಯಾರದ್ದಾದರೂ ಪಟ್ಟಾ ಜಮೀನಾ? ಪಟ್ಟಾ ಆದರೆ ಆ ರೈತನ ಜೊತೆ ಕೂತು ಚಹಾ ಕುಡಿಯದೆ ಮುಂದೆ ಏನೂ ಆಗುವುದಿಲ್ಲ. ಆಮೇಲೆ ಬೂದಿ ಹೇರುವವರು. ಅವರನ್ನು ಕಳ್ಳರ ಹಾಗೆ ನೋಡಬೇಡಿ. ಅವರ ಅಜ್ಜನ ಕಾಲದಿಂದ ಅದು ಗೊಬ್ಬರ. ಒಂದೆರಡು ವರ್ಷ ಅವರಿಗೆ ಬದಲಿ ಗೊಬ್ಬರದ ಹಣ ಸಂಘದಿಂದ ಕೊಟ್ಟರೆ ದಿಬ್ಬ ಅಷ್ಟು ವರ್ಷ ಉಳಿಯುತ್ತದೆ. ದಿಬ್ಬದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ತೋಚುತ್ತಿಲ್ಲ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗದಿದ್ದರೂ.

ಇಲ್ಲೇ ಒಂದು ಎಚ್ಚರಿಕೆ. ಸಂರಕ್ಷಿತ ಸ್ಮಾರಕ ಅಂತ ಘೋಷಣೆ ಮಾಡಿಸಿ ಎಂದು ಕೆಲವರು ಸಲಹೆ ಕೊಡ್ತಾರೆ. ಕೇಂದ್ರದ ಪಟ್ಟಿಗೆ ಸೇರಿದರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ದಿಬ್ಬದ ಪಕ್ಕ ಮನೆ ಕಟ್ಟಬೇಕು ಅಂದುಕೊಂಡವರಿಗೆ ಇದನ್ನು ಮೊದಲೇ ಹೇಳಿ. ಮುಚ್ಚಿಟ್ಟು ಮಾಡಿದರೆ ಊರು ಎರಡಾಗುತ್ತದೆ, ಆ ಸಿಟ್ಟಿಗೆ ದಿಬ್ಬ ಒಂದೇ ರಾತ್ರಿಯಲ್ಲಿ ಮಾಯವಾಗಬಹುದು.

ಎರಡನೆಯದು ಅಳತೆ. ಒಬ್ಬ ಸರ್ವೆಯರ್ ಹಿಡಿದು ದಿಬ್ಬದ ಎತ್ತರ ತಗ್ಗಿನ ನಕ್ಷೆ ಮಾಡಿಸಿ. ನಾಲ್ಕೂ ದಿಕ್ಕಿನಿಂದ ಫೋಟೋ, ಪ್ರತಿ ವರ್ಷ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಅದೇ ಜಾಗದಲ್ಲಿ ನಿಂತು. ಐದು ವರ್ಷದ ಫೋಟೋ ಪಕ್ಕಪಕ್ಕ ಇಟ್ಟರೆ ಯಾವ ಅಧಿಕಾರಿಯೂ ಇದು ಕರಗುತ್ತಿಲ್ಲ ಅಂತ ವಾದಿಸಲು ಆಗುವುದಿಲ್ಲ.

ಮೂರನೆಯದು ನಿಮಗೆ ಹೊಸದಿರಬಹುದು. ಬೂದಿ ಹೇರಿದವರು ಈಗಾಗಲೇ ದಿಬ್ಬವನ್ನು ಕಡಿದಿದ್ದಾರೆ ಅಲ್ವಾ? ಆ ಕಡಿದ ಗೋಡೆಯಲ್ಲಿ ಪದರಗಳು ಬಿಚ್ಚಿಕೊಂಡಿರುತ್ತವೆ. ಹೊಸ ಗುಂಡಿ ತೆಗೆಯದೆ, ಆ ಗೋಡೆಯನ್ನು ಕೆರೆದು ಚೊಕ್ಕ ಮಾಡಿ, ಪದರ ಬರೆದುಕೊಂಡು, ಪದರಕ್ಕೊಂದರಂತೆ ಇದ್ದಿಲಿನ ಮಾದರಿ ತೆಗೆಯಬಹುದು. ಬಲ್ಲವರು ಮಾಡಬೇಕು, ಅನುಮತಿ ಪಡೆದೇ ಮಾಡಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಪುಣೆಯ ಡೆಕ್ಕನ್ ಕಾಲೇಜು ನಿಮಗೆ ಗೊತ್ತಿರುವ ಹೆಸರುಗಳೇ. ಸುರಪುರ ಸೀಮೆಯ ಬೂದಿಹಾಳದ ದಿಬ್ಬವನ್ನು 1990ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದರು. ದೊಡ್ಡಿಯ ಪಕ್ಕ ಜನ ಬದುಕಿದ ಜಾಗ, ದನ ಕಡಿದು ಮಾಂಸ ಹಸನು ಮಾಡಿದ ನೆಲ ಕೂಡ ಅಲ್ಲಿ ಸಿಕ್ಕಿತು. ಅಂಥವರ ಹತ್ತಿರ ಹೋಗುವಾಗ "ನಮ್ಮೂರು ಅಗೆಯಿರಿ" ಅನ್ನಬೇಡಿ. "ನಿಮ್ಮ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಎರಡು ವರ್ಷ ನಮ್ಮೂರಲ್ಲಿ ಮನೆ, ಊಟ, ಓಡಾಟ ನೋಡಿಕೊಳ್ಳುತ್ತೇವೆ, ಪ್ರಯೋಗಾಲಯದ ಖರ್ಚು ಕೊಡುತ್ತೇವೆ, ವರದಿ ಕನ್ನಡದಲ್ಲೂ ಬೇಕು" ಅನ್ನಿ. ಅವರು ಕುರ್ಚಿ ಬಿಟ್ಟು ಏಳುತ್ತಾರೆ. ಇಂಥ ಮಾತು ಅವರಿಗೆ ಯಾರೂ ಹೇಳಿರುವುದಿಲ್ಲ.

ಮುಂದೆ ಯಾವತ್ತಾದರೂ ಲೈಸೆನ್ಸ್ ಬಂದು ಉತ್ಖನನ ಆದರೆ ನಿಮ್ಮ ಪಾಲು ಆಗ ದೊಡ್ಡದು. ಕೂಲಿ ಊರವರಿಗೇ ಸಿಗಲಿ. ಶಾಲೆಯ ಮಕ್ಕಳು ಚೂರು ತೊಳೆಯಲಿ, ನಂಬರು ಹಾಕಲು ಕಲಿಯಲಿ. ಸಂಜೆ ಐದಕ್ಕೆ ಗುಂಡಿಯ ಅಂಚಿನಲ್ಲಿ ನಿಂತು ಇವತ್ತು ಏನು ಕಂಡಿತು ಅಂತ ಊರಿಗೆ ಹೇಳಬೇಕು ಎಂಬ ಷರತ್ತು ಹಾಕಿ. ಸಿಕ್ಕ ವಸ್ತು ಎಲ್ಲಿ ಇರುತ್ತದೆ ಅಂತ ಮೊದಲೇ ಕೇಳಿ. ವಸ್ತು ಸರ್ಕಾರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಳ್ಳಾರಿಯಲ್ಲಿ ಸಂಗನಕಲ್ಲಿನ ಹೆಸರಿನ ಮ್ಯೂಸಿಯಂ ಇದೆ, ಒಮ್ಮೆ ಸಂಘದವರೆಲ್ಲ ಬಸ್ಸು ಮಾಡಿಕೊಂಡು ಹೋಗಿ ನೋಡಿ ಬನ್ನಿ. ನಮ್ಮ ಸೀಮೆಯ ಕಲ್ಲಿನ ಕೊಡಲಿ ನಮ್ಮ ಸೀಮೆಯಲ್ಲೇ ಉಳಿಯಬಹುದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಹಣ ಎತ್ತುವ ಕ್ರಮ ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿ ಖಾತೆಗೆ ಬೇಡವೇ ಬೇಡ. ಸಂಘ ನೋಂದಣಿ ಆಗಿರಲಿ, ಲೆಕ್ಕ ಪರಿಶೋಧನೆ ಆಗಲಿ. ಅಮೆರಿಕದವರ ಹಣದಲ್ಲಿ ಎರಡು ಬಗೆ ಇದೆ. ಇನ್ನೂ ಭಾರತದ ಪಾಸ್‌ಪೋರ್ಟ್ ಇರುವವರು ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದೆ ನಿಮ್ಮ ಸಂಘ ಅದನ್ನು ಮುಟ್ಟುವ ಹಾಗಿಲ್ಲ. ಭಾರತ ಮೂಲದವರಿಗೆ ಸರ್ಕಾರ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ನಮ್ಮವರೇ ಅಲ್ವಾ ಅಂತ ಸುಮ್ನೆ ಖಾತೆಗೆ ಹಾಕಿಸಿಕೊಂಡು ಆಮೇಲೆ ಒದ್ದಾಡಬೇಡಿ. ಕೇಂದ್ರ ಸರ್ಕಾರ 1996ರಲ್ಲಿ ಶುರು ಮಾಡಿದ ರಾಷ್ಟ್ರೀಯ ಸಂಸ್ಕೃತಿ ನಿಧಿ ಎಂಬುದೂ ಇದೆ. ಇಂಥ ಕೆಲಸಕ್ಕೇ ಅಂತ ಹೇಳಿ ಅದಕ್ಕೆ ಹಣ ಕೊಡಬಹುದು, ತೆರಿಗೆ ರಿಯಾಯಿತಿ ಸಿಗುತ್ತದೆ. ಆದರೆ ಅದು ಹೆಚ್ಚಾಗಿ ದೊಡ್ಡ ಕಂಪನಿಗಳ ದಾರಿ, ನಿಮ್ಮ ಮೊತ್ತಕ್ಕೆ ಸುತ್ತು ಜಾಸ್ತಿ.

ಅಮೆರಿಕದವರು ಊರಿಗೆ ಬಂದಾಗ ನೆನಪಿಗೆ ಅಂತ ಒಂದು ಕಲ್ಲಿನ ಕೊಡಲಿ ಬ್ಯಾಗಿಗೆ ಹಾಕಿಕೊಳ್ಳುವುದುಂಟು. ನೂರು ವರ್ಷ ಮೀರಿದ ಇಂಥ ವಸ್ತುವನ್ನು ದೇಶದ ಹೊರಗೆ ಒಯ್ಯುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ಪ್ರೀತಿಯಿಂದಲೇ ಹೇಳಿ, ಆದರೆ ಹೇಳಿ.

ಕೊನೆಗೆ ನಿಮ್ಮ ಆ ಕೊಡಲಿಗಳು. ಈಗಾಗಲೇ ಯಾರು ಯಾರ ಮನೆಯ ಗೂಡಿನಲ್ಲಿ, ಯಾವ ಹನುಮಪ್ಪನ ಕಟ್ಟೆಯ ಮೇಲೆ ಎಷ್ಟಿವೆ ಅಂತ ಒಂದು ಪಟ್ಟಿ ಮಾಡಿ. ಕಿತ್ತುಕೊಳ್ಳಬೇಡಿ. ಪೂಜೆ ಆಗುತ್ತಿದ್ದರೆ ಕೈಮುಗಿದು ಫೋಟೋ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲು ಇಡಿ, ಅದಿಲ್ಲದಿದ್ದರೆ ಪೆನ್ನು. ದಿಬ್ಬದ ಯಾವ ಬದಿಯಲ್ಲಿ, ಯಾವ ಮಳೆಗೆ ಸಿಕ್ಕಿತು ಅಂತ ಸಿಕ್ಕವರನ್ನೇ ಕೇಳಿ ಬರೆದುಕೊಳ್ಳಿ. ವಯಸ್ಸಾದವರಿಂದ ಶುರು ಮಾಡಿ. ಇನ್ನು ಮುಂದೆ ಮಳೆಗೆ ಮೇಲೆ ಬಂದದ್ದನ್ನು ಎತ್ತಬೇಡಿ, ಇದ್ದಲ್ಲೇ ಫೋಟೋ ತೆಗೆದು ಮೊಬೈಲಿನಲ್ಲಿ ಜಾಗ ಗುರುತು ಹಾಕಿ, ತಾಲೂಕು ಕಚೇರಿಗೂ ಪುರಾತತ್ವ ಇಲಾಖೆಗೂ ಒಂದು ಅರ್ಜಿ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ. ಆ ಪಟ್ಟಿ ತಯಾರಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಕೂತು ನೋಡೋಣ.